ಕೈ ತಡೆಯುವಷ್ಟು ಬಿಸಿ

ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ನಾನು ಒಂದು ಕಬ್ಬಿಣದ ಗಟ್ಟಿಯನ್ನು ಅಡ್ಡ ಇಟ್ಟಿರುವುದನ್ನು ನೀವು ನೋಡಿದ್ದೀರಿ. ಮಕ್ಕಳೆ, ಪ್ರತಿ ರಜೆಯಲ್ಲೂ ಅದನ್ನು ಒಂದೇ ಕೈಯಲ್ಲಿ ಎತ್ತುವ ಪಂದ್ಯ ಕಟ್ಟುತ್ತೀರಿ. ಈ ಸಲ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳೂ ಎತ್ತಿಬಿಟ್ಟಳು. ಅದೇನು ಎಂದು ಕೇಳಿದಾಗ ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಎಂದಷ್ಟೇ ಹೇಳಿ ನಾನು ಒಳಗೆ ಹೋದೆ. ಅಷ್ಟು ಚಿಕ್ಕ ಹುಡುಗಿಯ ಕೈಗೆ ಅದು ಏಳಬಾರದಿತ್ತು. ಅದರ ದೋಷವೇ ಅದು. ಇದನ್ನು ನನಗೆ ತಿಳಿಸಿಕೊಟ್ಟವರು ಹೋದ ತಿಂಗಳು ಹುಮನಾಬಾದಿನಲ್ಲಿ ತೀರಿಕೊಂಡರು.

ಅವರ ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ಮೈಕಿನ ಮುಂದೆ ಬಂದು ಎರಡು ಮಾತು ಹೇಳಿರೆಂದು ಒಬ್ಬೊಬ್ಬರನ್ನೇ ಕರೆದರು. ನನ್ನನ್ನೂ ಕರೆದರು. ನಾನು ಸೆರಗು ಸರಿಮಾಡಿಕೊಂಡು ಹೆಂಗಸರ ನಡುವೆ ಕುಳಿತೇ ಇದ್ದೆ. ಆ ಎರಡು ಮಾತನ್ನು ಈಗ ಬರೆಯುತ್ತಿದ್ದೇನೆ. ನನ್ನದು ಮೋರಖಂಡಿಯ ಶಾಲೆಯಲ್ಲಿ ಏಳನೆಯ ತರಗತಿವರೆಗಿನ ಓದು. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಅವರ ಹೆಸರನ್ನು ಬರೆಯುವುದಿಲ್ಲ. ಅಂಗಡಿಯ ಮೇಲೆ ಹೆಸರಿನ ಫಲಕ ಹಾಕಿಸಿ ಎಂದು ಯಾರಾದರೂ ಹೇಳಿದರೆ, ಬೇಕಾದವರಿಗೆ ಅಂಗಡಿ ಸಿಗುತ್ತದೆ ಎಂದುಬಿಡುತ್ತಿದ್ದರು. ಬಸವಕಲ್ಯಾಣದಲ್ಲಿ ಹಿಟ್ಟಿನ ಗಿರಣಿಗೆ ಅಂಟಿಕೊಂಡ ಸಣ್ಣ ಅಂಗಡಿ ಅವರದು. ಗಿರಣಿ ನಡೆಯುವಾಗ ಗೋಡೆ ನಡುಗುತ್ತಿತ್ತು, ಜೋಳದ ಹಿಟ್ಟಿನ ಧೂಳು ಬಂದು ರೇಡಿಯೊಗಳ ಮೇಲೆ ಕೂರುತ್ತಿತ್ತು. ಅಲ್ಲಿ ರೇಡಿಯೊ, ಟೇಪು ರಿಪೇರಿ ಮಾಡುತ್ತಿದ್ದರು. ಭಜನೆ ಮಂಡಳಿಗಳಿಗೆ, ಸಣ್ಣ ಮಠಗಳಿಗೆ ಆಂಪ್ಲಿಫೈಯರುಗಳನ್ನು ಬಿಡಿಬಿಡಿಯಾಗಿ ತಂದು ತಾವೇ ಕೂಡಿಸಿ ಕೊಡುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಆದರೂ ಊರೆಲ್ಲ ಅವರನ್ನು ಮಾಸ್ತರ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ನಿಮ್ಮ ಅಜ್ಜ ತೀರಿಕೊಂಡ ವರ್ಷ ಅವರ ರೇಡಿಯೊವನ್ನು ಮಾರಲೆಂದು ಸೆರಗಿನಲ್ಲಿ ಮುಚ್ಚಿಕೊಂಡು ಆ ಅಂಗಡಿಗೆ ಹೋದೆ. ಮಾಸ್ತರ ಅದನ್ನು ತಿರುಗಿಸಿ ನೋಡಿ, ಹಿಂಬದಿಯ ಒಂದು ತಿರುಪು ಬಿಗಿ ಮಾಡಿ ನನ್ನ ಕಡೆಗೇ ಸರಿಸಿದರು. ಇದು ಮಾರುವ ವಸ್ತುವಲ್ಲ, ಮನೆಯಲ್ಲಿಟ್ಟುಕೊಳ್ಳಿ, ಇನ್ನೂ ಹಾಡುತ್ತದೆ ಎಂದರು. ಅಷ್ಟರಲ್ಲಿ ನನ್ನ ಕೈ ಒಂದು ಕೆಲಸ ಮಾಡಿಬಿಟ್ಟಿತ್ತು. ಅವರ ಮೇಜಿನ ಮೇಲೆ ತಾಮ್ರದ ಸಣ್ಣ ತಂತಿ ಗೋಜಲಾಗಿ ಬಿದ್ದಿತ್ತು. ಸುಮ್ಮನೆ ನಿಲ್ಲಲು ಬರದ ನಾನು ಅದನ್ನು ಬಿಡಿಸುತ್ತ ಒಂದು ಕಡ್ಡಿಗೆ ಸುತ್ತುತ್ತಿದ್ದೆ. ಮಾಸ್ತರ ನನ್ನ ಮುಖ ನೋಡಲಿಲ್ಲ, ಆ ಕಡ್ಡಿಯನ್ನು ನೋಡಿದರು. ಎಲ್ಲಿ ಕಲಿತಿರಿ ಎಂದು ಕೇಳಿದರು. ನಮ್ಮದು ಕುರಿ ಸಾಕುವ ಮನೆ, ಅಜ್ಜಿ ಜೊತೆ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದೆ ಎಂದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಗಿರಣಿ ನಿಲ್ಲುವವರೆಗೆ ಕಾದು ಅವರು ಇನ್ನೊಮ್ಮೆ ಕೇಳಬೇಕಾಯಿತು.

"ಎಳೀ ಹರೀಬಾರದು, ಸಡಲೂ ಬಿಡಬಾರದು. ನನಗ ಇಂಥ ಕೈ ಬೇಕಾಗಿತ್ರಿ ಅಕ್ಕಾರ. ನಾಳಿಂದ ಬರ್ರಿ" ಎಂದರು.

ಅವರು ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಆದರೂ ಕೊನೆಯತನಕ ಅಕ್ಕಾರ ಎಂದೇ ಕರೆದರು.

ಟ್ರಾನ್ಸ್‌ಫಾರ್ಮರ್ ಎಂದರೆ ಏನೆಂದು ನಿಮ್ಮ ಪುಸ್ತಕದಲ್ಲಿ ಇರುತ್ತದೆ. ನನಗೆ ಅವರು ಹೇಳಿಕೊಟ್ಟದ್ದು ಹೀಗೆ. ಗೋಡೆಯಿಂದ ಬರುವ ಕರೆಂಟು ಬಹಳ ಜೋರು, ಆಂಪ್ಲಿಫೈಯರಿನ ಹೊಟ್ಟೆಗೆ ಅದು ಹಿಡಿಸುವುದಿಲ್ಲ. ನಡುವೆ ಒಂದು ಕಬ್ಬಿಣದ ಗಟ್ಟಿ, ಅದರೊಳಗೆ ತಂತಿಯ ಎರಡು ಸುರುಳಿ. ಸಣ್ಣ ತಂತಿಯ ನೂರಾರು ಸುತ್ತಿಗೆ ಗೋಡೆಯ ಕರೆಂಟು, ದಪ್ಪ ತಂತಿಯ ಕೆಲವೇ ಸುತ್ತಿನಿಂದ ಆಂಪ್ಲಿಫೈಯರಿಗೆ ಬೇಕಾದಷ್ಟು. "ಧ್ವನಿ ಗಂಟಲಿನಿಂದ ಬರ್ತದ. ಜೋರು ಬರೋದು ಗ್ವಾಡಿ ಒಳಗಿಂದ. ಅದನ್ನ ಹೊತ್ತು ತರೋ ಹಮಾಲ ಇದು" ಎನ್ನುತ್ತಿದ್ದರು. ಹಮಾಲ ಸಣಕಲಾಗಿದ್ದರೆ ಮೂಟೆ ನಡುದಾರಿಯಲ್ಲೇ ಬೀಳುತ್ತದಲ್ಲ.

ಸುತ್ತುವ ಯಂತ್ರವನ್ನು ಅವರೇ ಹಳೆಯ ಸೈಕಲ್ಲಿನ ಪೆಡಲಿನಿಂದ ಮಾಡಿಕೊಂಡಿದ್ದರು. ಸುತ್ತು ಎಣಿಸಲು ಅದರಲ್ಲಿ ಏನೂ ಇರಲಿಲ್ಲ. ನಮ್ಮ ಅಜ್ಜಿ ದೊಡ್ಡಿಯಿಂದ ಕುರಿ ಹೊರಡುವಾಗ ಬೆಣಚುಕಲ್ಲು ಸರಿಸಿ ಎಣಿಸುತ್ತಿದ್ದಳು. ನಾನು ಐವತ್ತು ಸುತ್ತಿಗೆ ಒಂದರಂತೆ ಹುಣಸೆ ಬೀಜ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕತೊಡಗಿದೆ. ಮಾಸ್ತರ ಮೊದಲ ದಿನ ಬಂದು ನೋಡಿ ಹೋದರು. ಮರುದಿನ ನೋಡಿದರೆ ಪೆಡಲಿನ ಪಕ್ಕದ ಹಲಗೆಯಲ್ಲಿ ಎರಡು ಬಟ್ಟಲು ಕೂರುವಷ್ಟು ಎರಡು ಗುಂಡಿ ಕೊರೆದಿಟ್ಟಿದ್ದರು. ಅವರು ಹೊಗಳುವ ರೀತಿ ಅದು. ಬಾಯಿಂದ ಛಲೋ ಆಗ್ಯದ ಎಂಬ ಮಾತನ್ನು ನಾನು ಏಳು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಒಂದೊಂದು ದಿನ ಅದಕ್ಕಾಗಿ ಕಾದಿದ್ದೂ ಉಂಟು. ಮುಗಿಸಿ ಕೊಟ್ಟದ್ದನ್ನು ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ತೂಕ ನೋಡಿ ಬಲಕ್ಕಿಟ್ಟರೆ ಸರಿ ಇದೆ ಎಂದರ್ಥ. ಎಡಕ್ಕಿಟ್ಟರೆ ಬಿಚ್ಚಬೇಕು.

ಆಂಪ್ಲಿಫೈಯರ್ ಮಾಡಿಸಲು ಬಂದವರು ಮೊದಲು ವ್ಯಾಟ್ ಹೇಳುತ್ತಿದ್ದರು. ಪಕ್ಕದೂರಿನವರದು ಐವತ್ತಾದರೆ ಇವರಿಗೆ ನೂರು ಬೇಕು. ಮಾಸ್ತರ ಆ ಸಂಖ್ಯೆಯನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎಷ್ಟು ಮಂದಿ ಕೂತು ಕೇಳುತ್ತೀರಿ, ಒಂದೇ ಸಮನೆ ಎಷ್ಟು ಹೊತ್ತು ಹಾಡುತ್ತೀರಿ, ದೀಪ ಹಚ್ಚುವ ಹೊತ್ತಿಗೆ ನಿಮ್ಮೂರ ಕರೆಂಟು ಹೇಗಿರುತ್ತದೆ ಎಂದು ಕೇಳುತ್ತಿದ್ದರು. ಕಡೆಯ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರುತ್ತಿರಲಿಲ್ಲ. ಆಗ ಒಂದು ಬಲ್ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಮೂರು ಸಂಜೆ ಇದನ್ನು ನಿಮ್ಮ ಗುಡಿಯಲ್ಲಿ ಹಚ್ಚಿ ಅದರ ಬಣ್ಣ ಬಂದು ಹೇಳಿ ಎಂದು ಕಳಿಸುತ್ತಿದ್ದರು. ಬೇಮಳಖೇಡದಿಂದ ಬಂದಿದ್ದ ಒಬ್ಬರು ನಾಲ್ಕನೆಯ ದಿನ ಬಲ್ಬು ವಾಪಸ್ ತಂದು, "ಕುಂಬಳ ಹೂವಿನ ಬಣ್ಣ ಆಗ್ತದ್ರಿ ಮಾಸ್ತರ. ಅದು ಹತ್ತೇದೋ ಇಲ್ಲೋ ನೋಡಾಕ ಇನ್ನೊಂದು ದೀಪಾ ಹಚ್ಚಬೇಕು" ಎಂದರು. ನಾನು ಸೆರಗು ಬಾಯಿಗೊತ್ತಿ ನಕ್ಕೆ. ಮಾಸ್ತರ ನಗದೆ ತಮ್ಮ ವಹಿಯಲ್ಲಿ 'ಬೇಮಳಖೇಡ, ಕುಂಬಳ ಹೂವು' ಎಂದು ಬರೆದುಕೊಂಡರು. ಆ ವಹಿಯಲ್ಲಿ ಸುತ್ತಲಿನ ಊರುಗಳ ಮುಂದೆಲ್ಲ ಹೀಗೇ ನಿಂಬೆ, ಅರಿಸಿನ, ಕೆಂಡ ಎಂದು ಬರೆದಿತ್ತು. ಅದನ್ನು ನೋಡಿಯೇ ಅವರು ಆ ಊರಿನ ಟ್ರಾನ್ಸ್‌ಫಾರ್ಮರಿಗೆ ಎಷ್ಟು ಸುತ್ತು, ಕರೆಂಟು ಸೊರಗಿದ ಹೊತ್ತಿಗೆಂದು ನಡುವೆ ಎಲ್ಲಿ ಇನ್ನೊಂದು ತಂತಿಯನ್ನು ಹೊರಗೆ ತೆಗೆಯಬೇಕು ಎಂದು ಲೆಕ್ಕ ಹಾಕುತ್ತಿದ್ದರು.

ಇನ್ನೊಂದು ಪದ್ಧತಿಯಿತ್ತು. ಕೊನೆಯ ಪದರಿನ ಕಾಗದದ ಕೆಳಗೆ ಒಂದು ಚೀಟಿ ಇಡುತ್ತಿದ್ದರು. ಅದರಲ್ಲಿ ತಂತಿಯ ದಪ್ಪ, ಸುತ್ತಿನ ಲೆಕ್ಕ, ಯಾವ ಊರಿಗೆ, ಕೆಳಗೆ ತಮ್ಮ ಹೆಸರು. ಹೊರಗೆ ಫಲಕ ಬೇಡವೆಂದವರು ಒಳಗೆ ಮಾತ್ರ ತಪ್ಪದೆ ಹೆಸರು ಬರೆಯುತ್ತಿದ್ದರು. ಮುಂದೆ ಎಂದಾದರೂ ಸುಟ್ಟು, ಬಿಚ್ಚಿದವನಿಗೆ ಇದನ್ನು ಯಾರು ಮಾಡಿದ್ದು ಎಂದು ತಿಳಿಯಲಿ, ಬೈಯುವುದಿದ್ದರೆ ಹೆಸರು ಹಿಡಿದೇ ಬೈಯಲಿ ಎನ್ನುತ್ತಿದ್ದರು. ಸುತ್ತಿದವಳು ನಾನಾದರೂ ಚೀಟಿಯಲ್ಲಿ ಅವರ ಹೆಸರೇ ಇರುತ್ತಿತ್ತು. ಅದರಿಂದ ನನಗೆ ಸಮಾಧಾನವೇ ಇತ್ತು.

ಹಿತ್ತಲ ಬಾಗಿಲಲ್ಲಿರುವ ಗಟ್ಟಿಯ ಕಥೆ ಮಂಠಾಳದ್ದು. ಅಲ್ಲಿನ ಭಜನೆ ಮಂಡಳಿಯ ಹಿರಿಯರೊಬ್ಬರು ಎಣ್ಣೆ ವ್ಯಾಪಾರದವರು. ನಾವು ಸಾಹುಕಾರರು ಎನ್ನುತ್ತಿದ್ದೆವು. ಅವರ ಊರಿನಲ್ಲಿ ಸಪ್ತಾಹ ಇತ್ತು. ಏಳು ದಿನ, ಹಗಲೂ ರಾತ್ರಿ ಪಾಳಿಯ ಮೇಲೆ ಭಜನೆ ನಡೆಯುತ್ತದೆ, ಮೈಕು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅದಕ್ಕೆಂದು ಆಂಪ್ಲಿಫೈಯರ್ ಮಾಡಿಕೊಡಲು ಹೇಳಿದ್ದರು. ಅದರ ಟ್ರಾನ್ಸ್‌ಫಾರ್ಮರನ್ನು ಮಾತ್ರ ತಾವೇ ಹೈದರಾಬಾದಿನಿಂದ ತಂದಿದ್ದರು. ಹಸಿರು ಬಣ್ಣ ಹೊಡೆದ, ಅಂಚು ನುಣುಪಾದ, ನೋಡಲು ಚೆಂದದ ವಸ್ತು. ಮೇಲೆ ಮೂರು ಆಂಪಿಯರ್ ಹೊರುತ್ತದೆ ಎಂದು ಚೀಟಿ ಅಂಟಿಸಿತ್ತು.

ಮಾಸ್ತರ ಎಡಗೈಯಲ್ಲಿ ಎತ್ತಿದರು. ಕಬ್ಬಿಣ ಕಡಿಮೆ ಎನಿಸುತ್ತದೆ ಎಂದರು. ಸಾಹುಕಾರರಿಗೆ ಅದು ಹಿಡಿಸಲಿಲ್ಲ. ಮಾಸ್ತರ ತಮ್ಮದನ್ನೇ ಮಾರಬೇಕೆಂದು ಹೀಗೆ ಹೇಳುತ್ತಿದ್ದಾರೆ ಎಂಬಂತೆ ನಕ್ಕರು. ಆ ನಗೆ ಮಾಸ್ತರರಿಗೆ ನಾಟಿತು. ಹಾಗಾದರೆ ಒಂದು ಹಗಲು ಪೂರಾ ಇದರ ಮೇಲೆ ಭಾರ ಹಾಕಿ ನೋಡೋಣ, ಪಾಸಾದರೆ ಇದನ್ನೇ ಕೂಡಿಸುತ್ತೇನೆ ಎಂದರು.

ಅವರ ಪರೀಕ್ಷೆ ಸರಳವಾಗಿತ್ತು. ಹೆದ್ದಾರಿಯ ಗ್ಯಾರೇಜಿನಿಂದ ತಂದ ಲಾರಿಯ ದೀಪದ ಬಲ್ಬುಗಳನ್ನು ಟ್ರಾನ್ಸ್‌ಫಾರ್ಮರಿಗೆ ಕಟ್ಟಿ ಬೆಳಗಿನಿಂದ ಸಂಜೆತನಕ ಉರಿಸುವುದು. ಅರ್ಧ ಗಂಟೆಗೊಮ್ಮೆ ಕಬ್ಬಿಣದ ಮೇಲೆ ಅಂಗೈ ಇಟ್ಟು ನೂರು ಎಣಿಸುವುದು. ನೂರರತನಕ ಕೈ ತಡೆದರೆ ಪಾಸು. ನಡುವೆ ಕೈ ಹಿಂದೆ ಬಂದರೆ ಸ್ವಿಚ್ ತೆಗೆದುಬಿಡುವುದು. ಆ ದಿನ ಹುಮನಾಬಾದಿನಲ್ಲಿದ್ದ ಅವರ ಅಕ್ಕನಿಗೆ ಆರಾಮಿಲ್ಲವೆಂದು ಸುದ್ದಿ ಬಂತು. ಪರೀಕ್ಷೆಯನ್ನು ನನಗೆ ಒಪ್ಪಿಸಿ ಅವರು ಬಸ್ಸು ಹತ್ತಿದರು.

ನಾನು ಅರ್ಧ ಗಂಟೆಗೊಮ್ಮೆ ಅಂಗೈ ಇಟ್ಟೆ. ನೂರು ಎಣಿಸಿದೆ. ಪ್ರತಿ ಸಲ ವಹಿಯಲ್ಲಿ 'ಕೈ ತಡೆಯಿತು' ಎಂದು ಬರೆದೆ. ಮಧ್ಯಾಹ್ನ ಕಳೆದ ಮೇಲೆ ಎಳ್ಳು ಸೀದಂಥ ವಾಸನೆ ಸಣ್ಣಗೆ ಬಂತು. ಗಿರಣಿಯ ಪಟ್ಟಾ ಉಜ್ಜಿರಬೇಕು ಎಂದುಕೊಂಡೆ. ಗಿರಣಿ ನಿಂತ ಮೇಲೂ ವಾಸನೆ ಇತ್ತು. ಆದರೆ ಕೈ ತಡೆಯುತ್ತಿತ್ತಲ್ಲ. ಸಂಜೆ ಮಾಸ್ತರ ಬಂದು ವಹಿ ನೋಡಿ, ಬೇರೆ ಏನಾದರೂ ಕಂಡಿತೇ ಎಂದು ಕೇಳಿದರು. ಸಾಹುಕಾರರೂ ಬಂದು ನಿಂತಿದ್ದರು. ಇಬ್ಬರು ಗಂಡಸರ ಎದುರು ವಾಸನೆಯ ಮಾತು ಎತ್ತಲು ನಾಚಿ ಬಲ್ಬುಗಳ ತಂತಿ ಬಿಚ್ಚತೊಡಗಿದೆ. "ಏನಿಲ್ರಿ" ಎಂದೆ.

ಸಪ್ತಾಹದ ಮೂರನೆಯ ದಿನ ಬೆಳಿಗ್ಗೆ ಸಾಹುಕಾರರು ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು.

"ನಿಮ್ಮ ಪೆಟಗಿ ಧೂಪಾ ಹಾಕಾಕತ್ತದ ಮಾಸ್ತರ. ನಮ್ಮ ಗುಡ್ಯಾಗ ಊದಬತ್ತಿ ಇದ್ವು. ಇದೇನು ಬೇಕಾಗಿರಲಿಲ್ಲ."

ಮಾಸ್ತರ ತಿರುಪು ಬಿಚ್ಚತೊಡಗಿದರು. ಸಾಹುಕಾರರು ನಿಲ್ಲಿಸಲಿಲ್ಲ. ಮಂದಿ ಬರಿಯ ಬಾಯಿಂದ ಹಾಡುತ್ತಿದ್ದಾರೆ, ಹಿಂದೆ ಕೂತ ಮುದುಕಿಯರಿಗೆ ಒಂದಕ್ಷರ ಕೇಳುತ್ತಿಲ್ಲ, ಎದ್ದು ಮನೆಗೆ ಹೋಗುತ್ತಿದ್ದಾರೆ ಎಂದರು. ಬಸವಕಲ್ಯಾಣದ ಮಾಸ್ತರರಿಂದಲೇ ಮಾಡಿಸಬೇಕೆಂದು ಊರಲ್ಲಿ ಹಟ ಹಿಡಿದವನು ನಾನು, ಈಗ ಮುಖ ಎತ್ತುವಂತಿಲ್ಲ ಎಂದರು. ಒಳಗಿನ ಟ್ರಾನ್ಸ್‌ಫಾರ್ಮರ್ ಹಸಿರು ಬಣ್ಣವೆಲ್ಲ ಸೀದು ಕಪ್ಪಾಗಿತ್ತು. ಮಾಸ್ತರ ಅದನ್ನು ಬಿಚ್ಚಿ ಸುರುಳಿಯನ್ನು ಚಾಕುವಿನಿಂದ ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ ಅಲ್ಯೂಮಿನಿಯಂ. ಚೀಟಿ ಇದೆಯೇ ಎಂದು ಪದರು ಪದರು ನೋಡಿದರು. ಯಾರ ಹೆಸರೂ ಇರಲಿಲ್ಲ.

ಸಾಹುಕಾರರು ಅದನ್ನು ನೋಡಿ ಸ್ವಲ್ಪ ತಣ್ಣಗಾದರು. ಆದರೆ ಮೇಜಿನ ಮೇಲೆ ವಹಿ ತೆರೆದಿತ್ತು. ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಕೈ ತಡೆಯಿತು, ಕೈ ತಡೆಯಿತು ಎಂದು ಒಂದೊಂದಾಗಿ ಓದಿದರು.

"ಯಾರ ಕೈರೀ ಇದು?"

ನಾನು ಒಳಗಿನ ಮೂಲೆಯಲ್ಲಿ ಸ್ಟೌವಿನ ಮೇಲೆ ಚಹಾ ಕುದಿಸುತ್ತಿದ್ದೆ. ನನ್ನ ಕೆಲಸ ಹೋಯಿತು ಎಂದುಕೊಂಡೆ. ನಿಮ್ಮ ತಾಯಿಯೂ ಮಾವನೂ ಆಗ ಶಾಲೆಯಲ್ಲಿದ್ದರು. ಮನೆಗೆ ಬೇರೆ ದುಡಿಮೆಯಿರಲಿಲ್ಲ. ಅದಕ್ಕಿಂತಲೂ, ನನ್ನನ್ನು ನಂಬಿದ ಒಬ್ಬ ಮನುಷ್ಯನ ಹೆಸರು ನನ್ನಿಂದ ಕೆಟ್ಟಿತ್ತು. ಏನೂ ತೋಚದೆ ಚಹಾವನ್ನು ಸ್ಟೀಲಿನ ಗ್ಲಾಸುಗಳಿಗೆ ತುಂಬಿ ತಂದು ಇಬ್ಬರ ಕೈಗೂ ಕೊಟ್ಟೆ. ಸಾಹುಕಾರರು ಗ್ಲಾಸನ್ನು ಹಿಡಿದವರೇ ಮೇಜಿನ ಮೇಲೆ ಕುಕ್ಕಿ ಬೆರಳು ಊದಿಕೊಂಡರು. ಮಾಸ್ತರರೂ ಧೋತರದ ಅಂಚನ್ನು ಅಡ್ಡ ಹಿಡಿದರು. ನನ್ನ ಗ್ಲಾಸು ನನ್ನ ಅಂಗೈಯೊಳಗೆ ಹಾಗೇ ಇತ್ತು.

ಮಾಸ್ತರ ಅದನ್ನು ನೋಡಿದರು.

"ಅಕ್ಕಾರ, ಅದು ನಿಮಗ ಸುಡಾಕತ್ತಿಲ್ಲೇನು?"

"ಇಲ್ರಿ."

"ದಿನಾ ಎಷ್ಟು ರೊಟ್ಟಿ ಬಡೀತೀರಿ?"

"ಈಗ ಹತ್ತು ಹನ್ನೆರಡು. ತವರು ಮನ್ಯಾಗ ಮೂವತ್ತು ಬಡೀತಿದ್ದೆ."

"ಎಷ್ಟು ವರ್ಷದಾಕಿ ಇದ್ದಾಗಿಂದ?"

"ಎಂಟು ಇರಬೇಕ್ರಿ."

ಅವರು ಗ್ಲಾಸನ್ನು ಕೆಳಗಿಟ್ಟು ಸಾಹುಕಾರರ ಕಡೆ ತಿರುಗಿದರು. "ತಪ್ಪು ನಂದ್ರಿ. ಕಾದ ಹಂಚಿನ ಮ್ಯಾಲೆ ಮೂವತ್ತು ವರ್ಷ ರೊಟ್ಟಿ ತಿರುವಿದ ಕೈನ್ನ, ಬಿಸಿ ಅದ ಏನು ಅಂತ ಕೇಳಿದೆ. ಅದೇನು ಹೇಳೀತು ಪಾಪ."

ಸಾಹುಕಾರರಿಗೆ ನಗು ಬಂತು. ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ತಪ್ಪನ್ನು ಮಾಸ್ತರ ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು. ನಾನು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಎಳ್ಳು ಸೀದ ಆ ವಾಸನೆ ಪರೀಕ್ಷೆಯ ದಿನದಿಂದ ನನ್ನ ಮೂಗಿನಲ್ಲೇ ಇತ್ತು.

"ವಾಸನಿ ಬಂದಿತ್ರಿ" ಎಂದೆ. "ಗಿರಣಿ ನಿಂತ ಮ್ಯಾಲೂ ಬಂದಿತ್ತು. ನೀವು ಕೇಳಿದಾಗ ನಾ ಹೇಳಲಿಲ್ಲ."

ಅಷ್ಟು ಉದ್ದದ ಮಾತನ್ನು ಆ ಅಂಗಡಿಯಲ್ಲಿ ಅದುವರೆಗೆ ನಾನು ಆಡಿರಲಿಲ್ಲ. ಸಾಹುಕಾರರ ಮುಖದ ನಗು ಹೋಯಿತು. ಮಾಸ್ತರ ಬೈಯುತ್ತಾರೆ ಎಂದು ಕಾದೆ. ಅವರು ವಹಿಯನ್ನು ಎಳೆದುಕೊಂಡು, ಕಿವಿಯ ಮೇಲಿನ ಪೆನ್ನು ತೆಗೆದು, ಹಾಳೆಯ ಬಲಗಡೆ ಮೇಲಿನಿಂದ ಕೆಳಗಿನತನಕ ಒಂದು ಗೆರೆ ಎಳೆದರು. ಆ ಹೊಸ ಅಂಕಣದ ತಲೆಯ ಮೇಲೆ 'ಅನಿಸಿದ್ದು' ಎಂದು ಬರೆದರು. ಬಾಯಿಂದ ಹೇಳಲು ಆಗದಿದ್ದರೆ ಇಲ್ಲಿ ಬರೆಯಿರಿ, ನಾನು ದಿನಾ ಓದುತ್ತೇನೆ ಎಂದರು. ಅಷ್ಟೇ.

ಸಪ್ತಾಹಕ್ಕೆ ಇನ್ನೂ ದಿನಗಳಿದ್ದವು. ಎರಡು ದಿನದಲ್ಲಿ ಬೇರೆ ಟ್ರಾನ್ಸ್‌ಫಾರ್ಮರ್ ಕೂಡಿಸಿ ತರುತ್ತೇವೆ, ಅಕ್ಕಾರೇ ಸುತ್ತುತ್ತಾರೆ ಎಂದು ಮಾಸ್ತರ ಹೇಳಿದಾಗ ಸಾಹುಕಾರರ ಹುಬ್ಬು ಗಂಟಾಯಿತು. ಆ ಕೈಯಿಂದ ಮತ್ತೆ ಬೇಡ, ನೀವೇ ಸುತ್ತಿ ಎಂದರು. ನಾನು ಕೇಳಿಸಿಕೊಳ್ಳಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದರು.

"ನನ್ನ ಕೈ ನಡಗ್ತದ್ರಿ ಸಾಹುಕಾರ್ರ, ನಿಮಗ ಗೊತ್ತಿಲ್ಲ" ಎಂದರು ಮಾಸ್ತರ. "ಬಿಸಿ ಹೇಳೋದ್ರಾಗ ಇವರ ಕೈ ನಂಬಬ್ಯಾಡ್ರಿ. ಸುತ್ತು ಹಾಕೋದ್ರಾಗ ನಾ ನನ್ನ ಕೈಕಿಂತ ಇವರದ ನಂಬ್ತೀನಿ."

ಅವರ ಕೈ ನಡುಗುತ್ತಿದ್ದುದು ನನಗೂ ಅಂದೇ ತಿಳಿದದ್ದು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ರಿಪೇರಿ ಮಾಡುವವನ ಕೈ ನಡುಗುತ್ತದೆಂದು ಗೊತ್ತಾದರೆ ಅಂಗಡಿಗೆ ಯಾರು ಬರುತ್ತಾರೆ? ನನಗಾಗಿ ಆ ಮಾತನ್ನು ಊರ ದೊಡ್ಡ ವ್ಯಾಪಾರಿಯ ಎದುರು ಹೇಳಿಬಿಟ್ಟರು. ಸಾಹುಕಾರರು ಟವಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಮಾಸ್ತರ ವಹಿ ತೆಗೆದು ಮಂಠಾಳದ ಮುಂದಿನ ಬಣ್ಣ ನೋಡಿದರು. ಅರಿಸಿನ. ಗಟ್ಟಿ ಕಟ್ಟಲು ಬೇಕಾದ ತೂಕದ ಕಬ್ಬಿಣದ ಹಾಳೆಗಳನ್ನು ಆರಿಸಿ ತೆಗೆದರು. ಸಣ್ಣ ತಂತಿ ಎಂಟುನೂರ ಐದು ಸುತ್ತು, ಸಂಜೆಯ ಸೊರಗಿದ ಕರೆಂಟಿಗೆಂದು ಆರುನೂರ ಮೂವತ್ತಕ್ಕೆ ಒಂದು ತಂತಿ ಹೊರಗೆ. ಆಮೇಲೆ ದಪ್ಪ ತಂತಿ, ಎಂಬತ್ತೆಂಟು ಮತ್ತು ಎಂಬತ್ತೆಂಟು. ಆ ದಿನ ಒಂದೊಂದು ಹುಣಸೆ ಬೀಜವನ್ನೂ ಎರಡು ಸಲ ನೋಡಿ ಹಾಕಿದೆ. ಪದರಿಗೊಂದು ಕಾಗದ. ಎಳೆಗೆ ಎಳೆ ಒತ್ತಿಕೊಂಡು, ಹೊಸ ಕಂಬಳಿಯ ಅಂಚಿನ ಹಾಗೆ. ಕೊನೆಯ ಪದರಿಗೆ ಬಂದಾಗ ಮಾಸ್ತರ ಚೀಟಿಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು. ಎಲ್ಲ ಬರೆದು, ಹೆಸರಿನ ಜಾಗ ಬಿಟ್ಟು ಅವರ ಕಡೆ ಸರಿಸಿದೆ. ಅವರು ನನ್ನ ಕಡೆಗೇ ತಿರುಗಿ ಸರಿಸಿದರು.

"ನಿಮ್ಮ ಹೆಸರು ಬರೀರಿ. ಸುಟ್ಟರ ನಿಮ್ಮನ್ನ ಬೈಲಿ."

ಬರೆದೆ. ನಿಮ್ಮ ಅಜ್ಜ ಹೋದ ಮೇಲೆ ಕಚೇರಿಯ ಕಾಗದಗಳಲ್ಲಿ ಅವರ ಹೆಂಡತಿ ಎಂದು ಸಹಿ ಮಾಡಿದ್ದು ಬಿಟ್ಟರೆ, ನಾನು ನನ್ನ ಹೆಸರನ್ನು ಅಷ್ಟು ದುಂಡಗೆ ಎಲ್ಲೂ ಬರೆದಿರಲಿಲ್ಲ. ಚೀಟಿಯ ಮೇಲೆ ಕಾಗದ ಬಂತು, ದಾರ ಬಂತು, ವಾರ್ನಿಷ್ ಬಂತು. ಬಿಸಿಲಿಗೆ ಒಣಗಿಸಲು ಸಮಯವಿರಲಿಲ್ಲ. ಮನೆಗೆ ತಂದು, ರೊಟ್ಟಿ ಮಾಡಿ ಬೆಂಕಿ ಪೂರಾ ತೆಗೆದ ಮೇಲೆ ಒಲೆಯ ಕಟ್ಟೆಯ ಕಾವಿನಲ್ಲಿಟ್ಟು ತಿರುಗಿಸುತ್ತ ಕೂತೆ. ಮರುದಿನ ಲಾರಿಯ ಬಲ್ಬು ಕಟ್ಟಿ ಪರೀಕ್ಷೆ ಮಾಡಿದೆವು. ಈ ಸಲ ಅಂಗೈ ಇಡಗೊಡಲಿಲ್ಲ, ಮುಂಗೈಯ ಮೇಲ್ಭಾಗ ತಾಗಿಸಲು ಹೇಳಿದರು. ಅಲ್ಲಿನ ಚರ್ಮಕ್ಕೆ ರೊಟ್ಟಿ ಬಡಿದು ಗೊತ್ತಿರಲಿಲ್ಲ. ಸಂಜೆ ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಬಲಕ್ಕಿಟ್ಟರು.

ಮಂಠಾಳಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಭಜನೆಯವರ ಹಿಂದೆ, ಪೆಟ್ಟಿಗೆಯ ಪಕ್ಕ ಗೋಡೆಗೆ ಮುಖ ಮಾಡಿ ಕೂತೆ. ಆಗಾಗ ಮುಂಗೈ ತಾಗಿಸಿ ನೂರು ಎಣಿಸಿದೆ. ಬೆಚ್ಚಗಿತ್ತು, ಅಷ್ಟೇ. ಸಂಜೆ ಗುಡಿಯ ಬಲ್ಬು ಅರಿಸಿನ ಬಣ್ಣಕ್ಕೆ ತಿರುಗಿದಾಗ ಮಾಸ್ತರ ಗೋಡೆಯ ಕರೆಂಟನ್ನು ಆರುನೂರ ಮೂವತ್ತರ ತಂತಿಗೆ ಬದಲಿಸಿದರು. ಧ್ವನಿ ಇಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಮುದುಕಿ ಪಕ್ಕದವಳಿಗೆ, "ಈಗ ಕೇಳಾಕತ್ತದ ನೋಡು. ಎದ್ದು ಹೋಗಬ್ಯಾಡ" ಎಂದಳು. ಮಾಸ್ತರ ಅದನ್ನು ಕೇಳಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. ಸಪ್ತಾಹ ಮುಗಿಯುವತನಕ ಪೆಟ್ಟಿಗೆ ಹಾಡಿತು.

ಸುಟ್ಟ ಗಟ್ಟಿಯನ್ನು ಮತ್ತೆ ಕೂಡಿಸಿ ನನಗೆ ಕೊಟ್ಟರು, ಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಇಡಿ ಎಂದು. ಆಮೇಲಿನ ವರ್ಷಗಳಲ್ಲಿ 'ಅನಿಸಿದ್ದು' ಎಂಬ ಅಂಕಣದಲ್ಲಿ ನಾನು ಬಹಳ ಬರೆದೆ. ವಾಸನೆ, ಸದ್ದು, ಗಿರಾಕಿಯ ಮಾತಿನಲ್ಲಿ ಕಂಡ ಅನುಮಾನ, ಒಮ್ಮೊಮ್ಮೆ ಮನೆಯ ಚಿಂತೆಯನ್ನೂ. ಅವರು ಓದಿ ಒಂದು ಗುರುತು ಹಾಕುತ್ತಿದ್ದರು. ನಿಮ್ಮ ತಾಯಿಯ ಪರೀಕ್ಷೆಯ ಬಗ್ಗೆ ಹೆದರಿಕೆ ಎಂದು ಬರೆದ ದಿನವೂ ಅದೇ ಗುರುತು ಇತ್ತು. ಮಾರನೆಯ ದಿನ ಬೇಗ ಮನೆಗೆ ಹೋಗಿ ಎಂದರು.

ಕೊರತೆಯಿಲ್ಲದ ಮನುಷ್ಯ ಎಂದು ಹೇಳಲಾರೆ. ಹೇಳಿದ ದಿನಕ್ಕೆ ಕೆಲಸ ಕೊಟ್ಟದ್ದು ಕಡಿಮೆ. ನಾಲ್ಕು ದಿಕ್ಕಿಗೆ ಕಹಳೆಯಂಥ ಲೌಡ್‌ಸ್ಪೀಕರ್ ಕಟ್ಟುತ್ತೇವೆ ಎಂದು ಬಂದವರನ್ನು ಕೂರಲೂ ಹೇಳದೆ ಕಳಿಸುತ್ತಿದ್ದರು. ಮೊದಲೇ ಕೂಡಿಸಿದ ಸೆಟ್ಟುಗಳೇ ಅಂಗಡಿಗಳಲ್ಲಿ ಸಿಗುವಂತಾದಾಗಲೂ ಬೇರೆ ಕೆಲಸ ಕಲಿಯಲು ಒಪ್ಪಲಿಲ್ಲ. ಗಿರಾಕಿಗಳು ಕಡಿಮೆಯಾದರು, ನಡುಕ ಹೆಚ್ಚಾಯಿತು. ಕೊನೆಗೆ ಅಂಗಡಿ ಮುಚ್ಚಿ ಹುಮನಾಬಾದಿಗೆ ಅಕ್ಕನ ಮನೆಗೆ ಹೋದರು. ಹೋಗುವಾಗ ಸುತ್ತುವ ಯಂತ್ರವನ್ನು ನನ್ನ ಮನೆಗೆ ಕಳಿಸಿಕೊಟ್ಟರು. ಆ ಯಂತ್ರದಲ್ಲಿ ಟಿ.ವಿ. ಸ್ಟೆಬಿಲೈಸರುಗಳಿಗೆ ಸುತ್ತಿಯೇ ನಿಮ್ಮ ತಾಯಿ, ಮಾವ ಇಬ್ಬರ ಓದು ನಡೆಯಿತು. ಎರಡು ಗುಂಡಿಯ ಹಲಗೆ ಈಗಲೂ ಮಾಳಿಗೆಯಲ್ಲಿದೆ.

ಶ್ರದ್ಧಾಂಜಲಿ ಸಭೆಗೆ ಮಂಠಾಳದ ಭಜನೆಯವರು ಬಂದಿದ್ದರು. ತಮ್ಮ ಪೆಟ್ಟಿಗೆಯನ್ನೂ ತಂದಿದ್ದರು. ಸಾಹುಕಾರರಿಗೆ ಈಗ ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು.

"ಅದೇ ಪೆಟಗಿ ಅದರೀ ಅಕ್ಕಾರ. ಮ್ಯಾಲಿಂದು ಎಲ್ಲಾ ಬದಲ ಮಾಡೇವಿ. ನಿಮ್ಮದು ಮಾತ್ರ ಒಮ್ಮಿನೂ ಬಿಚ್ಚಿಲ್ಲ."

ಆಮೇಲೆ ನನ್ನನ್ನು ಮೈಕಿಗೆ ಕರೆದವರೂ ಅವರೇ. ನಾನು ಏಳಲಿಲ್ಲ. ಎಲ್ಲರ ಮಾತು ಮುಗಿದು ಭಜನೆ ಶುರುವಾದ ಮೇಲೆ ಎದ್ದು, ಹಾಡುವವರ ಹಿಂದಿನಿಂದ ಹೋಗಿ ಪೆಟ್ಟಿಗೆಯ ಪಕ್ಕ ಕೂತೆ. ಕರೆಂಟು ಇದೆ, ಮುಟ್ಟಬೇಡಿ ಎಂದು ಯಾರೋ ಹೇಳಿದರು. ಹೂಂ ಎಂದು, ಮುಂಗೈಯನ್ನು ತಿರುವಿ, ಟ್ರಾನ್ಸ್‌ಫಾರ್ಮರ್ ಇರುವ ಮೂಲೆಗೆ ತಾಗಿಸಿದೆ. ನೂರು ಎಣಿಸಿದೆ. ವಾಸನೆ ಇರಲಿಲ್ಲ.

ಆ ಪೆಟ್ಟಿಗೆಯ ಒಳಗೆ, ಕೊನೆಯ ಪದರಿನ ಕೆಳಗೆ, ಮೋರಖಂಡಿಯ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ನಿಮ್ಮ ಅಜ್ಜಿಯ ಹೆಸರಿದೆ. ಅದು ಸುಟ್ಟರೆ ಮಾತ್ರ ಯಾರಾದರೂ ಅದನ್ನು ಓದುತ್ತಾರೆ. ಇಷ್ಟು ವರ್ಷವಾಯಿತು, ಇನ್ನೂ ಯಾರೂ ಓದಿಲ್ಲ.